ಎಂಜಿನ್ ಇರಲಿ, ಬಾಲದ ಬೋಲ್ಟ್ ತೋರಿಸಿ

ಮನೆ ಹಿತ್ತಲಲ್ಲಿ ಹೆಲಿಕಾಪ್ಟರ್ ಕಟ್ಟುವ ಹುಡುಗರು ನನಗೆ ವಿಡಿಯೊ ಕಳಿಸುತ್ತಿರುತ್ತಾರೆ. ಜೊತೆಗೆ ಒಂದು ಮಾತು ಇದ್ದೇ ಇರುತ್ತದೆ: "ಸಾರ್, ಹತ್ತು ನಿಮಿಷ ಓಡಿಸಿದೆ, ಏನೂ ಆಗಲಿಲ್ಲ." ಹೆಲಿಕಾಪ್ಟರ್ ರಿಪೇರಿಯಲ್ಲೇ ತಲೆ ನರೆತವನು ನಾನು. ಎದೆ ಧಸಕ್ಕೆನ್ನುವುದು ಈ ಮಾತಿಗೇ.

ಎಲ್ಲರಿಗೂ ಎಂಜಿನ್ ನಿಂತರೆ ಏನು ಗತಿ ಅನ್ನುವ ಭಯ. ಸಾಕಷ್ಟು ಎತ್ತರವಿದ್ದು, ಪೈಲಟ್ ಪಳಗಿದವನಾದರೆ, ಕೆಳಗಿನಿಂದ ನುಗ್ಗುವ ಗಾಳಿಗೇ ರೋಟರ್, ಅಂದರೆ ಮೇಲೆ ತಿರುಗುವ ಬ್ಲೇಡುಗಳ ಚಕ್ರ, ತಿರುಗುತ್ತಿರುತ್ತದೆ, ಇಳಿಯಬಹುದು. ಬ್ಲೇಡ್ ಮುರಿದರೆ ಆ ದಾರಿಯೂ ಇಲ್ಲ.

2021ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ 24ರ ಹುಡುಗನೊಬ್ಬ ಹೀಗೇ ಹೋದ. ಮಾರುತಿ 800ರ ಎಂಜಿನ್ ಹಾಕಿ ಕಟ್ಟಿದ್ದ. ನೆಲದ ಮೇಲೇ ಓಡಿಸಿ ನೋಡುತ್ತಿದ್ದಾಗ ಬಾಲದ ಬ್ಲೇಡ್ ಮುರಿದು ಮೇಲಿನ ರೋಟರಿಗೆ ಬಡಿಯಿತು, ಅದು ಅವನ ತಲೆಗೆ ಬಡಿಯಿತು ಅಂತ ಸುದ್ದಿ ಬಂತು. ಬ್ಲೇಡ್ ಯಾಕೆ ಮುರಿಯಿತು ಅಂತ ಯಂತ್ರ ನೋಡದ ನಾನು ಹೇಳಬಾರದು. ಎಂಥ ಕೈಚಳಕದ ಹುಡುಗ ಅಂತ ಮಾತ್ರ ಇವತ್ತಿಗೂ ಸಂಕಟವಾಗುತ್ತದೆ.

ಬಾಲದ ರೋಟರ್ ನಿಮಿಷಕ್ಕೆ 2500 ಸುತ್ತು ತಿರುಗುತ್ತದೆ ಅಂದುಕೊಳ್ಳಿ. ಒಂದು ಬ್ಲೇಡ್ ಇನ್ನೊಂದಕ್ಕಿಂತ 10 ಗ್ರಾಂ ಜಾಸ್ತಿ ಇದೆ, ಆ ತೂಕ ನಡುವಿನಿಂದ ಅರ್ಧ ಮೀಟರ್ ದೂರದಲ್ಲಿದೆ. ಆ ವೇಗದಲ್ಲಿ ಅದು ಸುಮಾರು 35 ಕೆಜಿ ಬಲದಿಂದ ಹೊರಗೆ ಎಳೆಯುತ್ತದೆ. ಮೇಲೆ, ಕೆಳಗೆ, ಮತ್ತೆ ಮೇಲೆ, ಗಂಟೆಗೆ ಒಂದೂವರೆ ಲಕ್ಷ ಸಲ. 35 ಕೆಜಿ ಬ್ಲೇಡ್ ಹಿಡಿದಿರುವ ಬೋಲ್ಟಿಗೆ ಏನೂ ಅಲ್ಲ, ಸುಮ್ನೆ ನೇತುಹಾಕಿದರೆ ವರ್ಷಗಟ್ಟಲೆ ತಡೆಯುತ್ತದೆ. ಸವೆಸುವುದು ಆ ಒಂದೂವರೆ ಲಕ್ಷ. ಹಳೇ ಬೈಕಿನ ಮಡ್‌ಗಾರ್ಡ್ ಬೋಲ್ಟಿನ ಪಕ್ಕದಲ್ಲೇ ಸೀಳುತ್ತದೆ, ಅಲ್ವಾ? ಅದರ ಮೇಲೆ ಯಾರೂ ಕೂತಿರಲಿಲ್ಲ. ಅದುರಿ ಅದುರಿ ಸೀಳಿತು. ಸೀಳುವ ಹಿಂದಿನ ದಿನವೂ ಗಟ್ಟಿಯಾಗೇ ಕಾಣುತ್ತಿತ್ತು.

ರಾಬಿನ್‌ಸನ್ ಆರ್22 ಅನ್ನುವ ಪುಟ್ಟ ಹೆಲಿಕಾಪ್ಟರನ್ನು 2200 ಗಂಟೆ ಹಾರಿದ ಮೇಲೆ, ಇಲ್ಲವೇ 12 ವರ್ಷಕ್ಕೆ, ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡಲೇಬೇಕು. ಹೊಸದರ ಹಾಗೆ ಹೊಳೆಯುತ್ತಿದ್ದರೂ ಅಷ್ಟೇ. ಗುಜರಿಯಿಂದ ತಂದ ಶಾಫ್ಟ್ ಅದಾಗಲೇ ಎಷ್ಟು ಸುತ್ತು ತಿರುಗಿದೆ, ಯಾರಿಗೆ ಗೊತ್ತು?

ಒಬ್ಬ ಹುಡುಗ ಬಾಲದ ಹಬ್, ಅಂದರೆ ಬ್ಲೇಡುಗಳನ್ನು ಕೂರಿಸುವ ನಡುವಿನ ತುಂಡು, ಬಿಚ್ಚಿ ಚೀಲದಲ್ಲಿಟ್ಟುಕೊಂಡು ಬಂದಿದ್ದ. ಕಣ್ಣಿಗೆ ಏನೂ ಕಾಣಲಿಲ್ಲ. ಚೆನ್ನಾಗಿ ತೊಳೆದು, ಬಿರುಕಿದ್ದರೆ ಒಳಗಿಳಿಯುವ ಕೆಂಪು ಡೈ ಹಚ್ಚಿದೆ, ಸ್ವಲ್ಪ ಹೊತ್ತು ಬಿಟ್ಟು ಒರೆಸಿದೆ, ಒಳಗುಳಿದ ಬಣ್ಣವನ್ನು ಹೊರಗೆಳೆಯುವ ಬಿಳಿ ಡೆವಲಪರ್ ಸಿಂಪಡಿಸಿದೆ. ಟೀ ಕುಡಿದು ಬರುವಷ್ಟರಲ್ಲಿ ವೆಲ್ಡಿಂಗ್ ಅಂಚಿನಿಂದ ಬೋಲ್ಟಿನ ತೂತಿನವರೆಗೆ ಕೂದಲೆಳೆಯಷ್ಟು ಕೆಂಪು ಗೆರೆ ಎದ್ದಿತ್ತು.

"ಮೇಲೆ ಇನ್ನೊಂದು ವೆಲ್ಡ್ ಹೊಡೆಸಿದ್ರೆ ಸಾಕಾ ಸಾರ್?" ಅಂದ.

ಬಿರುಕು ಶುರುವಾದದ್ದೇ ವೆಲ್ಡಿಂಗ್ ಅಂಚಿನಿಂದ ಕಣಪ್ಪಾ, ಅಂತ ಬೆರಳಿಟ್ಟು ತೋರಿಸಿದೆ. ತುಂಬಾ ಹೊತ್ತು ನೋಡಿದ. ಆಮೇಲೆ ಹಬ್ ನನ್ನ ಮೇಜಿನ ಮೇಲೇ ಬಿಟ್ಟು ಹೋದ.