ಏರುವ ಸಂಖ್ಯೆ: ವಿಡಿಯೊ ಎಡಿಟಿಂಗ್‌ನಲ್ಲಿ ನಂಬರ್ ಕೌಂಟರ್ ಮಾಡುವ ಬಗೆ

ಒಂದು ಸಂಖ್ಯೆಯನ್ನು ತೆರೆಯ ಮೇಲೆ ಬರೆದು ತೋರಿಸುವ ಬದಲು, ಅದು ಒಂದು ಮೊತ್ತದಿಂದ ಇನ್ನೊಂದು ಮೊತ್ತಕ್ಕೆ ಏರುತ್ತಾ ಹೋಗಿ ನಿಲ್ಲುವಂತೆ ಮಾಡುವುದಕ್ಕೆ ಎಡಿಟಿಂಗ್ ಕೆಲಸದಲ್ಲಿ ನಂಬರ್ ಕೌಂಟರ್ ಎನ್ನುತ್ತೇವೆ. ಚುನಾವಣಾ ಫಲಿತಾಂಶ, ಬಜೆಟ್ ವಿವರಣೆ, ಪಾಠದ ವಿಡಿಯೊ, ಹೀಗೆ ಎಲ್ಲೆಡೆಯೂ ಇದು ಕಾಣುತ್ತದೆ. ಮಾಡುವುದು ಸುಲಭ, ಆದರೆ ಅಂಕಿಗಳು ನಡುಗದೆ, ತಪ್ಪು ಮೊತ್ತವನ್ನು ತೋರಿಸದೆ, ನೋಡುವವರು ಓದಿಕೊಳ್ಳುವಂತೆ ಮಾಡುವುದಕ್ಕೆ ಒಂದಿಷ್ಟು ಲೆಕ್ಕಾಚಾರ ತಿಳಿದಿರಬೇಕು. ಈ ಟಿಪ್ಪಣಿಯಲ್ಲಿ ಮುಖ್ಯವಾಗಿ ಆಫ್ಟರ್ ಎಫೆಕ್ಟ್ಸ್ ಎಂಬ ಅನಿಮೇಷನ್ ತಂತ್ರಾಂಶವನ್ನು ಇಟ್ಟುಕೊಂಡು ವಿವರಿಸುತ್ತೇನೆ. ಉದಾಹರಣೆಗೆ ಕರ್ನಾಟಕದ ಜನಸಂಖ್ಯೆಯನ್ನು ತೆಗೆದುಕೊಳ್ಳೋಣ: 2001ರ ಜನಗಣತಿಯಲ್ಲಿ ಅದು 5,28,50,562 ಇತ್ತು, 2011ರಲ್ಲಿ 6,10,95,297 ಆಯಿತು. ಮೊದಲನೆಯ ಸಂಖ್ಯೆಯಿಂದ ಎರಡನೆಯದಕ್ಕೆ ಐದು ಸೆಕೆಂಡಿನಲ್ಲಿ ಏರುವ ಕೌಂಟರ್ ನಮಗೆ ಬೇಕು.

ಸಂಖ್ಯೆಗಲ್ಲ, ಪ್ರಗತಿಗೆ ಕೀಫ್ರೇಮ್

ಟೆಕ್ಸ್ಟ್ ಲೇಯರ್‌ನ ‘ಸೋರ್ಸ್ ಟೆಕ್ಸ್ಟ್’ ಎಂಬ ಗುಣಕ್ಕೆ ಕೀಫ್ರೇಮ್ (ಇಂಥ ಕ್ಷಣದಲ್ಲಿ ಇಷ್ಟು ಬೆಲೆ ಎಂದು ಹಾಕುವ ಗುರುತು) ಹಾಕಬಹುದಾದರೂ ಎರಡು ಕೀಫ್ರೇಮ್‌ಗಳ ನಡುವಿನ ಬೆಲೆಗಳನ್ನು ತಂತ್ರಾಂಶ ತಾನಾಗಿ ತುಂಬುವುದಿಲ್ಲ, ಏಕೆಂದರೆ ಅದರ ಪಾಲಿಗೆ ಅಲ್ಲಿರುವುದು ಸಂಖ್ಯೆಯಲ್ಲ, ಅಕ್ಷರಗಳ ಸಾಲು ಮಾತ್ರ. ಮೊದಲ ಕೀಫ್ರೇಮ್‌ನ ಪಠ್ಯ ಹಾಗೆಯೇ ನಿಂತು, ಎರಡನೆಯದು ಬಂದಾಗ ಒಮ್ಮೆಲೇ ಬದಲಾಗುತ್ತದೆ. ಆದ್ದರಿಂದ ಸಂಖ್ಯೆಯಾಗಿಯೇ ವರ್ತಿಸುವ ಬೇರೊಂದು ನಿಯಂತ್ರಣ ಬೇಕಾಗುತ್ತದೆ. ‘ಎಕ್ಸ್‌ಪ್ರೆಶನ್ ಕಂಟ್ರೋಲ್ಸ್’ ಗುಂಪಿನಲ್ಲಿರುವ ‘ಸ್ಲೈಡರ್ ಕಂಟ್ರೋಲ್’ ಎಂಬ ಎಫೆಕ್ಟ್ ಇದಕ್ಕೆಂದೇ ಇದೆ. ಅದನ್ನು ಟೆಕ್ಸ್ಟ್ ಲೇಯರ್‌ಗೆ ಹಾಕಿ, ಸ್ಲೈಡರ್‌ಗೆ ಕೀಫ್ರೇಮ್ ಕೊಟ್ಟು, ಆಲ್ಟ್ ಕೀಲಿಯನ್ನು ಒತ್ತಿಕೊಂಡು (ಮ್ಯಾಕ್‌ನಲ್ಲಾದರೆ ಆಪ್ಷನ್) ಸೋರ್ಸ್ ಟೆಕ್ಸ್ಟ್‌ನ ಪಕ್ಕದ ಸ್ಟಾಪ್‌ವಾಚ್ ಮೇಲೆ ಕ್ಲಿಕ್ ಮಾಡಿದರೆ ಎಕ್ಸ್‌ಪ್ರೆಶನ್ (ಬೆಲೆಯನ್ನು ಲೆಕ್ಕ ಹಾಕಿಕೊಡುವ ಪುಟ್ಟ ಸೂತ್ರ) ಬರೆಯುವ ಜಾಗ ತೆರೆದುಕೊಳ್ಳುತ್ತದೆ. ಅಲ್ಲಿಂದ ಪಿಕ್ ವಿಪ್ ಎಂಬ ಸುರುಳಿ ಗುರುತನ್ನು ಸ್ಲೈಡರ್‌ನ ಮೇಲೆ ಎಳೆದು ಬಿಟ್ಟರೆ, ಸ್ಲೈಡರ್‌ನ ಬೆಲೆ ಪಠ್ಯವಾಗಿ ತೆರೆಯ ಮೇಲೆ ಬರುತ್ತದೆ.

ಹೆಚ್ಚಿನ ಪಾಠಗಳು ಇಲ್ಲಿಗೆ ಮುಗಿಯುತ್ತವೆ. ನಮ್ಮ ಉದಾಹರಣೆಯ ತೊಡಕು ಇಲ್ಲಿಂದ ಆರಂಭವಾಗುತ್ತದೆ. ಸ್ಲೈಡರ್ ಕಂಟ್ರೋಲ್ ಹತ್ತು ಲಕ್ಷಕ್ಕಿಂತ ದೊಡ್ಡ ಬೆಲೆಯನ್ನು ಸ್ವೀಕರಿಸುವುದಿಲ್ಲ, ನಮ್ಮ ಸಂಖ್ಯೆಯಾದರೋ ಕೋಟಿಗಳಲ್ಲಿದೆ. ಇದಕ್ಕೆ ಒಂದು ಉಪಾಯವಿದೆ, ಮತ್ತು ನನ್ನ ಮಟ್ಟಿಗೆ ಇದು ಇಕ್ಕಟ್ಟಿಗೆ ಸಿಕ್ಕಾಗ ಮಾತ್ರ ಹಿಡಿಯುವ ದಾರಿಯಲ್ಲ, ಎಲ್ಲ ಕೌಂಟರ್‌ಗಳಿಗೂ ಸರಿಯಾದ ದಾರಿ. ಸ್ಲೈಡರ್‌ನಲ್ಲಿ ಜನಸಂಖ್ಯೆಯನ್ನು ಇಡಬಾರದು; ಕೆಲಸ ಶೇಕಡಾ ಎಷ್ಟು ಮುಗಿದಿದೆ ಎಂಬ ಪ್ರಗತಿಯನ್ನು ಮಾತ್ರ ಇಡಬೇಕು. ಅಂದರೆ ಕೀಫ್ರೇಮ್‌ಗಳು 0 ಮತ್ತು 100 ಆಗಿರುತ್ತವೆ, ಅಷ್ಟೆ. ಆರಂಭದ ಸಂಖ್ಯೆಗೆ, ಎರಡೂ ಸಂಖ್ಯೆಗಳ ವ್ಯತ್ಯಾಸವನ್ನು (ಇಲ್ಲಿ 82,44,735) ಪ್ರಗತಿಯಿಂದ ಗುಣಿಸಿ ನೂರರಿಂದ ಭಾಗಿಸಿ ಬಂದದ್ದನ್ನು ಕೂಡಿಸುವ ಕೆಲಸವನ್ನು ಎಕ್ಸ್‌ಪ್ರೆಶನ್ ಮಾಡುತ್ತದೆ. ಇದೇ ಲೆಕ್ಕವನ್ನು ಮಾಡಿಕೊಡುವ ‘ಲೀನಿಯರ್’ ಎಂಬ ಸಿದ್ಧ ಫಂಕ್ಷನ್ (ಲೆಕ್ಕದ ಆಜ್ಞೆ) ಕೂಡ ಇದೆ.

ಹೀಗೆ ಮಾಡುವುದರಿಂದ ಸಿಗುವ ಅನುಕೂಲಗಳು ಒಂದೆರಡಲ್ಲ. ನಾಳೆ ಯಾವುದೋ ಜಿಲ್ಲೆಯ ಸಂಖ್ಯೆ ಬೇಕೆಂದರೆ ಎಕ್ಸ್‌ಪ್ರೆಶನ್‌ನಲ್ಲಿ ಎರಡು ಸಂಖ್ಯೆಗಳನ್ನು ಬದಲಾಯಿಸಿದರೆ ಸಾಕು, ಕೀಫ್ರೇಮ್‌ಗಳನ್ನು ಮುಟ್ಟುವ ಅಗತ್ಯವೇ ಇಲ್ಲ. ಪಕ್ಕದಲ್ಲಿ ಸ್ತಂಭಾಕಾರದ ನಕ್ಷೆಯೊಂದು ಏರಬೇಕಿದ್ದರೆ ಅದನ್ನೂ ಇದೇ ಸ್ಲೈಡರ್‌ಗೆ ಕಟ್ಟಬಹುದು. 2011ರ ಎತ್ತರವನ್ನು ನೂರು ಎಂದಿಟ್ಟುಕೊಂಡರೆ ಸ್ತಂಭವು ಸುಮಾರು 86.5ರಿಂದ ಆರಂಭವಾಗಿ ನೂರಕ್ಕೆ ಮುಟ್ಟುತ್ತದೆ, ಮತ್ತು ಸಂಖ್ಯೆಯೂ ಸ್ತಂಭವೂ ಒಂದೇ ಫ್ರೇಮ್‌ನಲ್ಲಿ, ಅಂದರೆ ವಿಡಿಯೊದ ಒಂದೇ ಬಿಡಿಚಿತ್ರದಲ್ಲಿ, ನಿಲ್ಲುತ್ತವೆ. ಪ್ರತ್ಯೇಕ ಕೀಫ್ರೇಮ್‌ಗಳಿಂದ ಇವೆರಡನ್ನು ಹೊಂದಿಸಲು ಹೊರಟರೆ ವೇಗವನ್ನು ತಿದ್ದಿದಾಗಲೆಲ್ಲ ಎರಡು ಕಡೆ ತಿದ್ದಬೇಕಾಗುತ್ತದೆ.

ದಶಮಾಂಶವನ್ನು ಕಳೆಯುವ ಮೂರು ವಿಧಾನಗಳು

ಪ್ರಗತಿಯಿಂದ ಲೆಕ್ಕ ಹಾಕಿ ಬಂದ ಸಂಖ್ಯೆಗೆ ಉದ್ದನೆಯ ದಶಮಾಂಶದ ಬಾಲವಿರುತ್ತದೆ. ಅದನ್ನು ಪೂರ್ಣಾಂಕ ಮಾಡಬೇಕು. ಹತ್ತಿರದ ಪೂರ್ಣಾಂಕಕ್ಕೆ ತರುವ ‘ರೌಂಡ್’, ಕೆಳಗಿನ ಪೂರ್ಣಾಂಕಕ್ಕೆ ಇಳಿಸುವ ‘ಫ್ಲೋರ್’, ಮೇಲಿನ ಪೂರ್ಣಾಂಕಕ್ಕೆ ಏರಿಸುವ ‘ಸೀಲ್’ ಎಂಬ ಮೂರು ಫಂಕ್ಷನ್‌ಗಳಿವೆ. ಕೋಟಿಗಳ ಲೆಕ್ಕದಲ್ಲಿ ಯಾವುದನ್ನು ಬಳಸಿದರೂ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಸಣ್ಣ ಸಂಖ್ಯೆಗಳಲ್ಲಿ ಮಾತ್ರ ಆಯ್ಕೆ ತಪ್ಪಿದರೆ ತಪ್ಪು ಎದ್ದು ಕಾಣುತ್ತದೆ.

ಹತ್ತರಿಂದ ಸೊನ್ನೆಗೆ ಹತ್ತು ಸೆಕೆಂಡಿನಲ್ಲಿ ಇಳಿಯುವ ಕೌಂಟ್‌ಡೌನ್ ಒಂದನ್ನು ರೌಂಡ್ ಬಳಸಿ ಮಾಡಿ ನೋಡಿ. ಬೆಲೆ 9.5ಕ್ಕೆ ಬರುವವರೆಗೆ ಮಾತ್ರ ತೆರೆಯಲ್ಲಿ 10 ಇರುತ್ತದೆ, ಅಂದರೆ ಅರ್ಧ ಸೆಕೆಂಡು. ಅನಂತರ 9ರಿಂದ 1ರವರೆಗಿನ ಪ್ರತಿಯೊಂದೂ ಒಂದೊಂದು ಸೆಕೆಂಡು ನಿಲ್ಲುತ್ತದೆ. ಕೊನೆಯ ಅರ್ಧ ಸೆಕೆಂಡಿನಲ್ಲಿ, ಸಮಯ ಇನ್ನೂ ಉಳಿದಿರುವಾಗಲೇ, ಸೊನ್ನೆ ಬಂದುಬಿಡುತ್ತದೆ. ಹಿನ್ನೆಲೆಯಲ್ಲಿ ಸೆಕೆಂಡಿಗೊಂದು ಟಿಕ್ ಎಂಬ ಸದ್ದನ್ನು ಇಟ್ಟಿದ್ದರೆ ಸದ್ದಿಗೂ ಅಂಕಿಗೂ ತಾಳವೇ ಕೂಡುವುದಿಲ್ಲ. ಇಲ್ಲಿ ಸೀಲ್ ಬಳಸಬೇಕು. ಆಗ 10 ಎಂಬುದು ಪೂರ್ತಿ ಒಂದು ಸೆಕೆಂಡು ನಿಂತು, ಸೊನ್ನೆಯು ಸಮಯ ಮುಗಿದ ಕ್ಷಣದಲ್ಲೇ ಕಾಣಿಸಿಕೊಳ್ಳುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ಕಳೆದ ಸೆಕೆಂಡುಗಳನ್ನು ಎಣಿಸುತ್ತಾ ಮೇಲೇರುವ ಗಡಿಯಾರಕ್ಕೆ ಫ್ಲೋರ್ ಸರಿಹೊಂದುತ್ತದೆ. ಮೊತ್ತಗಳನ್ನು ತೋರಿಸುವ ಸಾಧಾರಣ ಕೌಂಟರ್‌ಗೆ ರೌಂಡ್ ಸಾಕು. ಶೇಕಡಾವಾರು ತೋರಿಸುವಾಗ ದಶಮಾಂಶದ ಸ್ಥಾನಗಳನ್ನು ಮೊದಲೇ ನಿಗದಿಪಡಿಸಿಕೊಳ್ಳಿ, ಇಲ್ಲದಿದ್ದರೆ 15.59ರ ನಂತರ 15.60 ಬರುವ ಬದಲು 15.6 ಬಂದು ಒಂದು ಅಂಕಿಯಷ್ಟು ಜಾಗ ಕುಸಿದಂತೆ ಕಾಣುತ್ತದೆ.

ಫ್ರೇಮ್‌ಗಳ ಲೆಕ್ಕ

ಕೌಂಟರ್ ಎಲ್ಲ ಸಂಖ್ಯೆಗಳನ್ನೂ ತೋರಿಸುತ್ತದೆ ಎಂಬ ಭಾವನೆ ನೋಡುವವರಿಗೆ ಬರುತ್ತದೆ, ಆದರೆ ಒಂದು ಫ್ರೇಮ್‌ಗೆ ಒಂದೇ ಸಂಖ್ಯೆಯನ್ನು ತೋರಿಸಲು ಸಾಧ್ಯ. ಸೆಕೆಂಡಿಗೆ 25 ಫ್ರೇಮ್‌ಗಳ ವಿಡಿಯೊದಲ್ಲಿ ಐದು ಸೆಕೆಂಡಿಗೆ 125 ಹೆಜ್ಜೆಗಳು. ನಮ್ಮ ಕೌಂಟರ್ ಸಮವೇಗದಲ್ಲಿ ಹೋದರೆ ಒಂದೊಂದು ಫ್ರೇಮ್‌ಗೂ ಸುಮಾರು ಅರವತ್ತಾರು ಸಾವಿರದಷ್ಟು ಹಾರುತ್ತದೆ. ಹಾಗಾಗಿ ಬಿಡಿ, ಹತ್ತು, ನೂರರ ಸ್ಥಾನಗಳಲ್ಲಿ ಕಾಣುವುದು ಎಣಿಕೆಯಲ್ಲ, ಮಿನುಗು ಮಾತ್ರ. ಕಣ್ಣು ಹಿಂಬಾಲಿಸುವುದು ಹತ್ತು ಲಕ್ಷದ ಸ್ಥಾನವನ್ನು, ಹೆಚ್ಚೆಂದರೆ ಲಕ್ಷದ ಸ್ಥಾನವನ್ನು.

ಈ ಹೆಜ್ಜೆಯ ಗಾತ್ರದಲ್ಲಿ ಒಂದು ವಿಚಿತ್ರ ದೋಷ ಹುಟ್ಟಿಕೊಳ್ಳಬಹುದು. ಸೊನ್ನೆಯಿಂದ 1,00,000ಕ್ಕೆ ಎರಡು ಸೆಕೆಂಡಿನಲ್ಲಿ ಸಮವೇಗದಿಂದ ಏರುವ ಕೌಂಟರ್ ಮಾಡಿದರೆ, ಐವತ್ತು ಹೆಜ್ಜೆಗಳಲ್ಲಿ ಪ್ರತಿಯೊಂದೂ ಸರಿಯಾಗಿ ಎರಡು ಸಾವಿರವಾಗುತ್ತದೆ. ತೆರೆಯ ಮೇಲೆ 2,000, 4,000, 6,000 ಎಂದು ಬರುತ್ತದೆ. ಕೊನೆಯ ಮೂರು ಸೊನ್ನೆಗಳು ಆರಂಭದಿಂದ ಕೊನೆಯವರೆಗೆ ಕದಲುವುದೇ ಇಲ್ಲ. ಎಣಿಕೆ ನಡೆಯುತ್ತಿದೆ ಎಂಬ ಭಾವನೆ ಹುಟ್ಟಿಸುವುದು ಆ ಕೊನೆಯ ಅಂಕಿಗಳ ಓಟವೇ ಆದ್ದರಿಂದ ಇಡೀ ಅನಿಮೇಷನ್ ಜೀವವಿಲ್ಲದಂತೆ ತೋರುತ್ತದೆ, ಮತ್ತು ಹೊಸಬರಿಗೆ ಕಾರಣ ಹೊಳೆಯುವುದಿಲ್ಲ. ಅವಧಿಯನ್ನು 48 ಫ್ರೇಮ್‌ಗಳಿಗೆ ಇಳಿಸಿದರೆ ಹೆಜ್ಜೆ 2,083.33 ಆಗಿ ಅಂಕಿಗಳೆಲ್ಲ ಚಲಿಸತೊಡಗುತ್ತವೆ. ಸಮವೇಗವನ್ನು ಬಿಟ್ಟು ಈಸಿಂಗ್ (ವೇಗ ಕ್ರಮೇಣ ಏರಿಳಿಯುವಂತೆ ಮಾಡುವುದು) ಕೊಟ್ಟರೂ ಹೆಜ್ಜೆಗಳು ಅಸಮವಾಗಿ ಇದೇ ಫಲ ಸಿಗುತ್ತದೆ.

ಮಿನುಗು ಅತಿಯಾದರೆ ಎಕ್ಸ್‌ಪ್ರೆಶನ್‌ನ ಆರಂಭದಲ್ಲಿ ‘ಪೋಸ್ಟರೈಸ್ ಟೈಮ್’ ಫಂಕ್ಷನ್‌ಗೆ 12.5 ಎಂದು ಕೊಡಬಹುದು. ಆಗ 25 ಫ್ರೇಮ್‌ಗಳ ವಿಡಿಯೊದಲ್ಲಿ ಸಂಖ್ಯೆ ಎರಡು ಫ್ರೇಮ್‌ಗೊಮ್ಮೆ ಮಾತ್ರ ಬದಲಾಗುತ್ತದೆ, ಉಳಿದ ಚಲನೆಗಳು ಎಂದಿನಂತೆ ನಯವಾಗಿಯೇ ಇರುತ್ತವೆ.

ಲಕ್ಷ, ಕೋಟಿ ಮತ್ತು ಕನ್ನಡದ ಅಂಕಿಗಳು

ಇಂಟರ್‌ನೆಟ್‌ನಲ್ಲಿ ಸಿಗುವ ಸಿದ್ಧ ಎಕ್ಸ್‌ಪ್ರೆಶನ್‌ಗಳಲ್ಲಿ ಹೆಚ್ಚಿನವು ಮೂರು ಮೂರು ಅಂಕಿಗಳಿಗೆ ಅಲ್ಪವಿರಾಮ ಹಾಕುತ್ತವೆ. 61,095,297 ಎಂದು ಬರೆದರೆ ನಮ್ಮ ನೋಡುಗರು ಮನಸ್ಸಿನಲ್ಲೇ ಅದನ್ನು ಮತ್ತೆ ವಿಂಗಡಿಸಿಕೊಳ್ಳಬೇಕಾಗುತ್ತದೆ, ಅಷ್ಟರೊಳಗೆ ದೃಶ್ಯವೇ ಬದಲಾಗಿರುತ್ತದೆ. ಕನ್ನಡದ ವಿಡಿಯೊದಲ್ಲಿ ಬಲದಿಂದ ಮೊದಲು ಮೂರು, ಅನಂತರ ಎರಡೆರಡು ಅಂಕಿಗಳ ಗುಂಪುಗಳೇ ಇರಬೇಕು. ಇದನ್ನು ಭಾಗಾಕಾರ ಮತ್ತು ಶೇಷದ ಲೆಕ್ಕದಿಂದ ಮಾಡಲು ಹೋದರೆ ಒಂದು ಅಪಾಯವಿದೆ: 6,10,05,007 ಎಂಬ ಸಂಖ್ಯೆಯನ್ನು ಗುಂಪು ಮಾಡುವಾಗ ಶೇಷವಾಗಿ 5 ಮತ್ತು 7 ಮಾತ್ರ ಬಂದು, ತೆರೆಯ ಮೇಲೆ 6,10,5,7 ಎಂದು ಮೂಡುತ್ತದೆ. ಮುಂದಿನ ಸೊನ್ನೆಗಳನ್ನು ನಾವೇ ತುಂಬಬೇಕು. ಅದಕ್ಕಿಂತ, ಪೂರ್ಣಾಂಕವನ್ನು ಮೊದಲು ಅಕ್ಷರಗಳ ಸಾಲಾಗಿ ಪರಿವರ್ತಿಸಿ, ಕೊನೆಯ ಮೂರು ಅಕ್ಷರಗಳನ್ನು ಕತ್ತರಿಸಿ ಬದಿಗಿಟ್ಟು, ಉಳಿದದ್ದನ್ನು ಬಲದಿಂದ ಎರಡೆರಡಾಗಿ ಕತ್ತರಿಸಿ ಜೋಡಿಸುವುದೇ ಸುರಕ್ಷಿತ.

ಕನ್ನಡದ ಅಂಕಿಗಳಲ್ಲೇ ತೋರಿಸಬೇಕಿದ್ದರೆ ಅಕ್ಷರಗಳಿಗೆ ಸಂಕೇತಸಂಖ್ಯೆ ಕೊಡುವ ಯೂನಿಕೋಡ್ ನೆರವಿಗೆ ಬರುತ್ತದೆ. ಸಾಮಾನ್ಯ ಸೊನ್ನೆಯ ಸಂಕೇತಸಂಖ್ಯೆ 48, ಕನ್ನಡದ ೦ ಅಕ್ಷರದ್ದು 3302. ಒಂಬತ್ತರವರೆಗೆ ಎರಡೂ ಸರಣಿಗಳು ಒಂದೇ ಕ್ರಮದಲ್ಲಿ ಸಾಗುವುದರಿಂದ, ಪ್ರತಿ ಅಂಕಿಯ ಸಂಕೇತಕ್ಕೂ 3254 ಕೂಡಿಸಿದರೆ ಕನ್ನಡದ ಅಂಕಿ ಸಿಗುತ್ತದೆ. 6,10,95,297 ಎಂಬುದು ೬,೧೦,೯೫,೨೯೭ ಆಗುತ್ತದೆ. ಆದರೆ ಈ ಕೂಡಿಕೆ ಅಂಕಿಗಳಿಗೆ ಮಾತ್ರ ತಗಲುವಂತೆ ಷರತ್ತು ಹಾಕಲೇಬೇಕು. ಅಲ್ಪವಿರಾಮದ ಸಂಕೇತ 44. ಅದಕ್ಕೂ 3254 ಕೂಡಿಸಿಬಿಟ್ಟರೆ ಬರುವ 3298 ಎಂಬುದು ಕನ್ನಡದ ಅಪರೂಪದ ಸ್ವರಚಿಹ್ನೆಯೊಂದರ ಸ್ಥಾನ, ಹಾಗಾಗಿ ಸಂಖ್ಯೆಯ ನಡುವೆ ಅರ್ಥವಿಲ್ಲದ ಗುರುತುಗಳು ಅಂಟಿಕೊಳ್ಳುತ್ತವೆ. ಸಂಖ್ಯೆಯ ಪಕ್ಕದಲ್ಲಿ ‘ಲಕ್ಷ’ ಎಂಬ ಪದವನ್ನಿಟ್ಟಾಗ ಒತ್ತಕ್ಷರ ಒಡೆದು ಕಂಡರೆ ದೋಷ ಎಕ್ಸ್‌ಪ್ರೆಶನ್‌ನದಲ್ಲ. ತಂತ್ರಾಂಶದ ಪಠ್ಯದ ಆಯ್ಕೆಗಳಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆ ಬೆಂಬಲ ನೀಡುವ ವ್ಯವಸ್ಥೆಯನ್ನು ಆರಿಸಿಕೊಳ್ಳಬೇಕು.

ನಡುಗುವ ಅಂಕಿಗಳು

ಹಲವು ಫಾಂಟ್‌ಗಳಲ್ಲಿ 1ರ ಅಗಲ 8ರ ಅಗಲಕ್ಕಿಂತ ಕಡಿಮೆ. ನಿಂತ ಬರಹದಲ್ಲಿ ಇದು ಅಂದವೇ. ಕೌಂಟರ್‌ನಲ್ಲಿ ಮಾತ್ರ ಫ್ರೇಮ್‌ಗೊಮ್ಮೆ ಇಡೀ ಸಾಲಿನ ಅಗಲ ಬದಲಾಗಿ ಸಂಖ್ಯೆ ಅಡ್ಡಡ್ಡ ನಡುಗುತ್ತದೆ. ಫಾಂಟ್ ಆರಿಸುವ ಮೊದಲು 1111 ಮತ್ತು 8888 ಎಂದು ಒಂದರ ಕೆಳಗೊಂದು ಬರೆದು ನೋಡಿ; ಕನ್ನಡದ ಅಂಕಿಗಳಾದರೆ ೧೧೧೧ ಮತ್ತು ೮೮೮೮. ಎರಡು ಸಾಲುಗಳೂ ಒಂದೇ ಕಡೆ ಮುಗಿದರೆ ಮಾತ್ರ ಆ ಫಾಂಟ್ ಈ ಕೆಲಸಕ್ಕೆ ಯೋಗ್ಯ. ಮನಸ್ಸಿಗೆ ಒಪ್ಪಿದ ಫಾಂಟ್ ಹೀಗಿಲ್ಲದಿದ್ದರೆ ಒಂದೊಂದು ಸ್ಥಾನಕ್ಕೂ ಒಂದೊಂದು ಟೆಕ್ಸ್ಟ್ ಲೇಯರ್ ಇಟ್ಟು, ಎಲ್ಲವನ್ನೂ ಅದೇ ಸ್ಲೈಡರ್‌ನಿಂದ ನಡೆಸಬಹುದು. ಸಾಲನ್ನು ನಡುವಿಗೆ ಹೊಂದಿಸಿದ್ದರೆ 9,999ರಿಂದ 10,000ಕ್ಕೆ ದಾಟುವಾಗ ಎಡಬಲ ಎರಡೂ ಕಡೆ ಜಿಗಿತವಾಗುತ್ತದೆ. ಬಲಕ್ಕೆ ಹೊಂದಿಸುವುದು ಲೇಸು, ಏಕೆಂದರೆ ಬಿಡಿಸ್ಥಾನವು ಇದ್ದಲ್ಲೇ ಇದ್ದು ಹೊಸ ಅಂಕಿ ಎಡಕ್ಕೆ ಸೇರಿಕೊಳ್ಳುತ್ತದೆ.

ವೇಗ, ನಿಲುಗಡೆ ಮತ್ತು ಸತ್ಯ

ಆರಂಭದಲ್ಲಿ ವೇಗವಾಗಿ ಹೋಗಿ ಕೊನೆಯಲ್ಲಿ ನಿಧಾನವಾಗುವ ಚಲನೆ ಕೌಂಟರ್‌ಗೆ ಒಪ್ಪುತ್ತದೆ, ಕಣ್ಣು ಕೊನೆಯ ಅಂಕಿಗಳ ಮೇಲೆ ನೆಲೆಗೊಳ್ಳಲು ಸಮಯ ಸಿಗುತ್ತದೆ. ಗ್ರಾಫ್ ಎಡಿಟರ್‌ನಲ್ಲಿ ವಕ್ರರೇಖೆಯನ್ನು ಎಳೆಯುವಾಗ ಅದು 100ನ್ನು ಮೀರಿ ಮತ್ತೆ ಕೆಳಗಿಳಿಯದಂತೆ ಎಚ್ಚರವಿರಲಿ. ಆಕಾರವೊಂದು ಗುರಿಯನ್ನು ದಾಟಿ ಹಿಂದಿರುಗಿದರೆ ಲವಲವಿಕೆ ಎನಿಸುತ್ತದೆ. ಮತಗಳ ಸಂಖ್ಯೆ ಹಾಗೆ ಮಾಡಿದರೆ ಕೆಲವು ಫ್ರೇಮ್‌ಗಳ ಕಾಲ ಇಲ್ಲದ ಮತಗಳನ್ನು ತೋರಿಸಿದಂತಾಗುತ್ತದೆ. ಮೇಲೆ ಹೇಳಿದ ಲೀನಿಯರ್ ಫಂಕ್ಷನ್ ಕೊಟ್ಟ ಎಲ್ಲೆಯನ್ನು ಮೀರಲು ಬಿಡುವುದಿಲ್ಲವಾದ್ದರಿಂದ ಅದನ್ನು ಬಳಸಿದರೆ ಈ ಭಯವಿಲ್ಲ. ಕೊನೆಯ ಸಂಖ್ಯೆ ಎಷ್ಟು ಹೊತ್ತು ನಿಲ್ಲಬೇಕೆಂಬುದಕ್ಕೆ ನಾನು ಬಳಸುವ ಅಳತೆ, ಅದನ್ನು ಬಾಯಿಬಿಟ್ಟು ಓದುವಷ್ಟು ಹೊತ್ತು. ಆರು ಕೋಟಿ ಹತ್ತು ಲಕ್ಷದ ತೊಂಬತ್ತೈದು ಸಾವಿರದ ಇನ್ನೂರ ತೊಂಬತ್ತೇಳು ಎಂದು ಓದಿ ನೋಡಿದರೆ ಎಷ್ಟು ಬೇಕೆಂದು ತಿಳಿಯುತ್ತದೆ.

ಎರಡು ಜನಗಣತಿಗಳ ನಡುವೆ ಕೌಂಟರ್ ತೋರಿಸುವ ಯಾವ ಸಂಖ್ಯೆಯನ್ನೂ ಯಾರೂ ಎಣಿಸಿದ್ದಲ್ಲ, ಅವು ತಂತ್ರಾಂಶ ತುಂಬಿದ ಬೆಲೆಗಳು. ಆದ್ದರಿಂದ ಜನಸಂಖ್ಯೆಯ ಜೊತೆಗೆ ಇಸವಿಯನ್ನೂ 2001, 2002, 2003 ಎಂದು ಓಡಿಸುವುದು ನನಗೆ ಸರಿ ಕಾಣುವುದಿಲ್ಲ; ಹಾಗೆ ಮಾಡಿದರೆ ಪ್ರತಿ ವರ್ಷದ ಜನಸಂಖ್ಯೆ ಇಷ್ಟೇ ಎಂದು ಹೇಳಿದಂತಾಗುತ್ತದೆ. ಎರಡು ಇಸವಿಗಳನ್ನು ಎರಡು ಕಡೆ ಸ್ಥಿರವಾಗಿ ಬರೆಯುವುದು ಒಳ್ಳೆಯದು.

ಬೇರೆ ತಂತ್ರಾಂಶಗಳು ಮತ್ತು ರೆಂಡರ್‌ಗೆ ಮುನ್ನ

ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೂ ಇರುವ ಫ್ಯೂಶನ್ ಪುಟದಲ್ಲಿ ‘ಟೆಕ್ಸ್ಟ್ ಪ್ಲಸ್’ ನೋಡ್‌ನ ಪಠ್ಯದ ಚೌಕದ ಮೇಲೆ ಬಲ ಕ್ಲಿಕ್ ಮಾಡಿ ಎಕ್ಸ್‌ಪ್ರೆಶನ್ ಆರಿಸಿಕೊಂಡರೆ ಇದೇ ಲೆಕ್ಕವನ್ನು ಬರೆಯಬಹುದು; ಭಾಷೆ ಮಾತ್ರ ಜಾವಾಸ್ಕ್ರಿಪ್ಟ್ ಬದಲು ಲುವಾ. ಪ್ರೀಮಿಯರ್ ಪ್ರೊದಲ್ಲಿ ಕೆಲಸ ಮಾಡುವವರು ಆಫ್ಟರ್ ಎಫೆಕ್ಟ್ಸ್‌ನಲ್ಲಿ ಮಾಡಿದ ಕೌಂಟರ್ ಅನ್ನು ಮೋಷನ್ ಗ್ರಾಫಿಕ್ಸ್ ಟೆಂಪ್ಲೇಟ್ (ಮತ್ತೆ ಮತ್ತೆ ಬಳಸಬಹುದಾದ ಸಿದ್ಧ ಮಾದರಿ) ಆಗಿ ತಂದುಕೊಳ್ಳಬಹುದು. ಆರಂಭ ಮತ್ತು ಅಂತ್ಯದ ಸಂಖ್ಯೆಗಳನ್ನು ಟೆಂಪ್ಲೇಟ್‌ನಲ್ಲಿ ಬದಲಾಯಿಸಲು ಬರುವಂತೆ ತೆರೆದಿಟ್ಟರೆ ಎಡಿಟರ್ ಅಲ್ಲಿಯೇ ಬದಲಾಯಿಸಿಕೊಳ್ಳುತ್ತಾರೆ. ಆದರೆ ಅವನ್ನು ಸ್ಲೈಡರ್‌ಗಳಾಗಿ ಇಟ್ಟರೆ ಹತ್ತು ಲಕ್ಷದ ಮಿತಿ ಮತ್ತೆ ಅಡ್ಡ ಬರುವುದರಿಂದ, ಅವನ್ನು ಟೆಕ್ಸ್ಟ್ ಲೇಯರ್‌ಗಳಲ್ಲಿ ಬರೆದಿಟ್ಟು ಎಕ್ಸ್‌ಪ್ರೆಶನ್ ಅಲ್ಲಿಂದ ಓದಿಕೊಳ್ಳುವಂತೆ ಮಾಡಬೇಕು.

ರೆಂಡರ್ ಕೊಡುವ, ಅಂದರೆ ಅಂತಿಮ ವಿಡಿಯೊ ಫೈಲ್ ತಯಾರಿಸುವ, ಮೊದಲು ಕೊನೆಯ ಫ್ರೇಮ್‌ಗೆ ಹೋಗಿ ಸಂಖ್ಯೆಯನ್ನು ಅಂಕಿ ಅಂಕಿಯಾಗಿ ಮೂಲದೊಂದಿಗೆ ಹೋಲಿಸಿ ನೋಡಿ. ಐದು ಸೆಕೆಂಡಿನ ಕಾಂಪೊಸಿಷನ್‌ನಲ್ಲಿ (ಲೇಯರ್‌ಗಳನ್ನು ಜೋಡಿಸಿ ಕಟ್ಟುವ ದೃಶ್ಯ) ಫ್ರೇಮ್‌ಗಳು 0ಯಿಂದ 124ರವರೆಗೆ ಇರುತ್ತವೆ. ಎರಡನೆಯ ಕೀಫ್ರೇಮ್ ಅನ್ನು ಸರಿಯಾಗಿ ಐದನೇ ಸೆಕೆಂಡಿಗೆ ಇಟ್ಟರೆ ಅದು 125ನೇ ಫ್ರೇಮ್‌ನಲ್ಲಿ, ಅಂದರೆ ವಿಡಿಯೊ ಮುಗಿದ ಮೇಲೆ ಬೀಳುತ್ತದೆ. ಸಮವೇಗದ ಕೌಂಟರ್ ಆಗ 6,10,29,339ಕ್ಕೆ ನಿಂತುಹೋಗುತ್ತದೆ. ಅರವತ್ತೈದು ಸಾವಿರಕ್ಕೂ ಹೆಚ್ಚು ಜನ ಲೆಕ್ಕದಿಂದ ಬಿಟ್ಟುಹೋಗಿರುತ್ತಾರೆ, ನೋಡಲು ಮಾತ್ರ ಎಲ್ಲವೂ ಸರಿಯಾಗಿಯೇ ಇರುತ್ತದೆ.