ವಿಟಮಿನ್ ಸಿ, ಕಾಪರ್ ಪೆಪ್ಟೈಡ್: ಎರಡೂ ಇರಲಿ, ಒಟ್ಟಿಗೆ ಬೇಡ

ವಿಟಮಿನ್ ಸಿ ಸೀರಮ್ ಎರಡು ಹನಿ, ನೀಲಿ ಬಣ್ಣದ ಕಾಪರ್ ಪೆಪ್ಟೈಡ್ (ತಾಮ್ರ ಸೇರಿದ ಪುಟ್ಟ ಪ್ರೋಟೀನ್ ತುಣುಕು) ಸೀರಮ್ ಎರಡು ಹನಿ, ಎರಡನ್ನೂ ಅಂಗೈಯಲ್ಲೇ ಕಲಸಿ ಮುಖಕ್ಕೆ ಹಚ್ಚಿಕೊಳ್ಳುವವರು ನನ್ನ ಬಳಿ ತುಂಬಾ ಜನ ಬರುತ್ತಾರೆ. ಇದರಿಂದ ಚರ್ಮ ಸುಟ್ಟುಹೋಗುತ್ತದೆ ಅನ್ನುವ ಭಯ ಬೇಡ. ತೊಂದರೆ ಬೇರೆ: ಅವು ಒಂದನ್ನೊಂದು ಕೆಡಿಸುತ್ತವೆ, ದುಡ್ಡು ಸುಮ್ನೆ ಹಾಳು.

ಎಲ್-ಆಸ್ಕಾರ್ಬಿಕ್ ಆಸಿಡ್, ಅಂದರೆ ಅಸಲಿ ವಿಟಮಿನ್ ಸಿ, ಚರ್ಮದೊಳಗೆ ಚೆನ್ನಾಗಿ ಇಳಿಯಬೇಕಾದರೆ ಸೀರಮ್‌ನ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) 3.5ಕ್ಕಿಂತ ಕಡಿಮೆ ಇರಬೇಕು. ಕಾಪರ್ ಪೆಪ್ಟೈಡ್‌ಗೆ ಅಷ್ಟು ಹುಳಿ ಆಗಿಬರುವುದಿಲ್ಲ. ಮೂರು ಅಮೈನೋ ಆಸಿಡ್‌ಗಳ ಆ ಪುಟ್ಟ ಸರಪಳಿ ತಾಮ್ರವನ್ನು ಹಿಡಿದುಕೊಂಡಿರುತ್ತದೆ, ಹುಳಿ ಜಾಸ್ತಿಯಾದಾಗ ಹಿಡಿತ ಸಡಿಲವಾಗಿ ತಾಮ್ರ ಹೊರಬರುತ್ತದೆ, ಹೊರಬಂದ ತಾಮ್ರ ವಿಟಮಿನ್ ಸಿಯನ್ನು ಬಲು ಬೇಗ ಆಕ್ಸಿಡೈಸ್ ಮಾಡುತ್ತದೆ, ಅಂದರೆ ಕೆಡಿಸುತ್ತದೆ. ಆ ಹೊತ್ತಿಗೆ ಜೀವಕೋಶಕ್ಕೆ ಹಾನಿ ಮಾಡಬಲ್ಲ ಹೈಡ್ರೋಜನ್ ಪೆರಾಕ್ಸೈಡ್ ಕೂಡ ಹುಟ್ಟುತ್ತದೆ. ಇಂಥ ಹಾನಿಯನ್ನು ತಡೆಯಲೆಂದೇ ನಾವು ವಿಟಮಿನ್ ಸಿಯಂಥ ಆ್ಯಂಟಿಆಕ್ಸಿಡೆಂಟ್ ಹಚ್ಚುವುದು, ಅಲ್ವಾ?

ಹತ್ತು ನಿಮಿಷ ಬಿಟ್ಟು ಹಚ್ಚಿದರೆ ಸಾಲದೇ ಅಂತ ಕೇಳುತ್ತಾರೆ. ನಾನಂತೂ ಒಪ್ಪುವುದಿಲ್ಲ. ಸೀರಮ್ ಒಣಗಿದಂತೆ ಕಂಡರೂ ಅದರ ಹುಳಿ, ಅದರ ಅಂಶ ಚರ್ಮದ ಮೇಲೆ ಇದ್ದೇ ಇರುತ್ತದೆ. ಬೆಳಿಗ್ಗೆ ವಿಟಮಿನ್ ಸಿ, ಅದರ ಮೇಲೆ ಸನ್‌ಸ್ಕ್ರೀನ್. ರಾತ್ರಿ ಮುಖ ತೊಳೆದು ಕಾಪರ್ ಪೆಪ್ಟೈಡ್. ಸೂಕ್ಷ್ಮ ಚರ್ಮದವರು ದಿನ ಬಿಟ್ಟು ದಿನ ಹಚ್ಚಿದರೂ ನಷ್ಟವಿಲ್ಲ, ಒಳಗೆ ಇಳಿದ ವಿಟಮಿನ್ ಸಿ ಒಂದೇ ದಿನಕ್ಕೆ ಖಾಲಿಯಾಗುವುದಿಲ್ಲ. ಗ್ಲೈಕೋಲಿಕ್ ಆಸಿಡ್‌ನಂಥ ಹುಳಿ ಪದಾರ್ಥಗಳನ್ನೂ ಕಾಪರ್‌ನಿಂದ ಹೀಗೇ ದೂರ ಇಡಿ.

ಹಾಗಂತ ಎಲ್ಲ ಆ್ಯಂಟಿಆಕ್ಸಿಡೆಂಟ್‌ಗೂ ಹೆದರಬೇಕಿಲ್ಲ. ನಯಾಸಿನಮೈಡ್ (ವಿಟಮಿನ್ ಬಿ3ಯ ಒಂದು ರೂಪ) ಅಷ್ಟು ಹುಳಿಯಲ್ಲ, ಕಾಪರ್ ಜೊತೆ ಹಚ್ಚಬಹುದು. ವಿಟಮಿನ್ ಇ ಇರುವ ಮಾಯಿಶ್ಚರೈಸರ್ ಕೂಡ ಸರಿ. ಮೆಗ್ನೀಸಿಯಮ್ ಆಸ್ಕಾರ್ಬಿಲ್ ಫಾಸ್ಫೇಟ್‌ನಂಥ ವಿಟಮಿನ್ ಸಿ ರೂಪಕ್ಕೆ ಅಷ್ಟು ಹುಳಿ ಬೇಕಿಲ್ಲ, ಗಲಾಟೆ ಕಡಿಮೆ. ಬಾಟಲಿಯ ಹಿಂಬದಿ ಓದಿ ನಿಮ್ಮದು ಯಾವ ರೂಪ ಅಂತ ಮೊದಲು ನೋಡಿಕೊಳ್ಳಿ.

ವಿಟಮಿನ್ ಸಿ ಸೀರಮ್ ಕಂದು ಬಣ್ಣಕ್ಕೆ ತಿರುಗಿದ್ದರೆ ಎಸೆದುಬಿಡಿ.

ಇನ್ನೊಂದು ಮಾತು, ಎರಡನ್ನೂ ಒಂದೇ ವಾರ ಶುರುಮಾಡಬೇಡಿ. ಮೊದಲು ಒಂದನ್ನು ಕಿವಿಯ ಹಿಂದೆ ಕೆಲವು ದಿನ ಹಚ್ಚಿ ನೋಡಿ, ಆಮೇಲೆ ಮುಖಕ್ಕೆ. ಎರಡು ವಾರ ಏನೂ ಆಗದಿದ್ದರೆ ಇನ್ನೊಂದು. ಒಟ್ಟಿಗೆ ಶುರುಮಾಡಿ ಮುಖ ಕೆಂಪಾದರೆ, ಯಾವುದನ್ನು ನಿಲ್ಲಿಸಬೇಕು ಅಂತ ನಿಮಗೂ ತಿಳಿಯುವುದಿಲ್ಲ, ನಮಗೂ ಹೇಳುವುದು ಕಷ್ಟ.