ಅಂಗಡಿ ಮೊಟ್ಟೆಗೆ ಕಾವು ಕೊಟ್ಟರೆ ಮರಿ ಆಗುತ್ತದೆಯೇ?

ಓದುಗರ ಪ್ರಶ್ನೆ: ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಪಾಠ ಮಾಡುತ್ತೇನೆ. ಬಿಸಿಯೂಟದಲ್ಲಿ ಮೊಟ್ಟೆ ಕೊಡುವ ದಿನ ಮಕ್ಕಳು ತಪ್ಪದೆ ಕೇಳುತ್ತಾರೆ: “ಮಿಸ್, ಇದನ್ನ ಬೇಯಿಸದೆ ಕೋಳಿ ಕೆಳಗೆ ಇಟ್ಟಿದ್ರೆ ಮರಿ ಆಗ್ತಿತ್ತಾ?” ಏನು ಹೇಳಲಿ? ತರಗತಿಯಲ್ಲೇ ಮರಿ ಮಾಡಿಸಿ ತೋರಿಸಬಹುದೇ?

ಆಗುತ್ತಿರಲಿಲ್ಲ. ಶಾಲೆಗೆ ಬರುವ ಬಿಳಿ ಮೊಟ್ಟೆ ಫಾರಂನದು. ಅಲ್ಲಿ ಇರುವುದೆಲ್ಲ ಹೇಂಟೆಗಳೇ, ಹುಂಜ ಇರುವುದಿಲ್ಲ. ಹುಂಜ ಇಲ್ಲದಿದ್ದರೂ ಹೇಂಟೆ ಮೊಟ್ಟೆ ಇಡುತ್ತದೆ. ಈ ಸಂಗತಿ ದೊಡ್ಡವರಲ್ಲೇ ಅನೇಕರಿಗೆ ಗೊತ್ತಿರುವುದಿಲ್ಲ. ಆದರೆ ಮೊಟ್ಟೆಯಲ್ಲಿ ಮರಿ ಬೆಳೆಯಬೇಕಾದರೆ ಹುಂಜದ ವೀರ್ಯಾಣು ಹೇಂಟೆಯ ಅಂಡದ ಜೊತೆ ಸೇರಿರಬೇಕು. ಅದೂ ಚಿಪ್ಪು ಕಟ್ಟುವ ಮೊದಲೇ, ಕೋಳಿಯ ಹೊಟ್ಟೆಯೊಳಗೇ. ಸೇರದ ಮೊಟ್ಟೆಯನ್ನು ಮರಿಗೆ ಬೇಕಾದ 21 ದಿನವಲ್ಲ, 41 ದಿನ ಕಾವಿಗಿಟ್ಟರೂ ಅದು ಕೆಡುತ್ತದೆಯೇ ಹೊರತು ಮರಿಯಾಗುವುದಿಲ್ಲ. ನಾಲ್ಕನೇ ತರಗತಿಗೆ “ಅಪ್ಪನ ಕಡೆಯ ಒಂದು ಪಾಲು, ಅಮ್ಮನ ಕಡೆಯ ಒಂದು ಪಾಲು ಸೇರಿದರೆ ಮಾತ್ರ ಮರಿ” ಎಂದರೆ ಸಾಕು. ಹಿತ್ತಲಲ್ಲಿ ಕೋಳಿ ಸಾಕುವ ಮನೆಯ ಮಕ್ಕಳು ಉಳಿದದ್ದನ್ನು ತಾವೇ ಹೇಳುತ್ತಾರೆ.

ಅಂಗಡಿಯಲ್ಲಿ “ನಾಟಿ” ಎಂದು ಮಾರುವ ಕಂದು ಮೊಟ್ಟೆಯನ್ನೂ ನಂಬುವಂತಿಲ್ಲ. ಚಿಪ್ಪಿನ ಬಣ್ಣ ತಳಿಯಿಂದ ಬರುತ್ತದೆ, ಹುಂಜ ಇತ್ತೋ ಇಲ್ಲವೋ ಎಂಬುದರಿಂದಲ್ಲ. ಕಂದು ಮೊಟ್ಟೆ ಇಡುವ ಫಾರಂ ಕೋಳಿಗಳೂ ಇವೆ. ಮರಿಗೆ ಬೇಕಾದ ಮೊಟ್ಟೆ ಸಿಗುವುದು ಹುಂಜ ಓಡಾಡಿಕೊಂಡಿರುವ ಹಿತ್ತಲಲ್ಲಿ. ಒಂದು ಸಲ ಹುಂಜ ಸೇರಿದರೆ ವೀರ್ಯಾಣು ಹೇಂಟೆಯ ಮೈಯಲ್ಲಿ ಹತ್ತು ಹದಿನಾಲ್ಕು ದಿನ ಉಳಿದು ಮುಂದಿನ ಮೊಟ್ಟೆಗಳಿಗೂ ಒದಗುತ್ತದೆ. ಹಾಗಾಗಿ ಹುಂಜವನ್ನು ಮೊನ್ನೆ ಮಾರಿದ ಮನೆಯ ಮೊಟ್ಟೆಯಲ್ಲೂ ಮರಿ ಆಗಬಹುದು.

ಮೊದಲು ಒಂದು ಮೊಟ್ಟೆ ಒಡೆಯಿರಿ

ಮರಿ ಮಾಡಿಸುವ ಮಾತು ಆಮೇಲೆ. ಆರೇಳು ರೂಪಾಯಿಯ ಅಂಗಡಿ ಮೊಟ್ಟೆಯಲ್ಲೇ ಪಾಠದ ಮುಕ್ಕಾಲು ಪಾಲು ಮುಗಿಯುತ್ತದೆ. ಹಲವು ಶಾಲೆಗಳಲ್ಲಿ ಈ ಭಾಗ ಬಿಟ್ಟು ನೇರ ಇನ್‌ಕ್ಯುಬೇಟರಿಗೆ, ಅಂದರೆ ಕಾವು ಕೊಡುವ ಯಂತ್ರಕ್ಕೆ ಹಾರುತ್ತಾರೆ. ಕೊನೆಗೆ ಮಕ್ಕಳ ನೆನಪಲ್ಲಿ ಉಳಿಯುವುದು ಮುದ್ದಾದ ಮರಿ ಮಾತ್ರ.

ಅಗಲವಾದ ಬಿಳಿ ತಟ್ಟೆಗೆ ಮೊಟ್ಟೆಯನ್ನು ನಿಧಾನವಾಗಿ ಒಡೆದು ಹಾಕಿ, ಹಳದಿ ಒಡೆಯಬಾರದು. ಖಾಲಿ ಚಿಪ್ಪಿನ ದಪ್ಪ ತುದಿಯನ್ನು ಮೊದಲು ತೋರಿಸಿ. ಚಿಪ್ಪಿನ ಒಳಮೈಗೆ ಎರಡು ತೆಳು ಪೊರೆ ಅಂಟಿಕೊಂಡಿರುತ್ತವೆ. ದಪ್ಪ ತುದಿಯಲ್ಲಿ ಮಾತ್ರ ಅವು ಬೇರೆಯಾಗಿ ನಡುವೆ ಗಾಳಿ ತುಂಬಿದ ಜಾಗ ಇರುತ್ತದೆ. ಬೇಯಿಸಿದ ಮೊಟ್ಟೆ ಸುಲಿದಾಗ ಒಂದು ತುದಿಯಲ್ಲಿ ಕಾಣುವ ತಗ್ಗು ಇದರದ್ದೇ ಗುರುತು. ಇನ್ನು ತಟ್ಟೆಯಲ್ಲಿ ನೋಡಿ: ಹಳದಿಯ ಸುತ್ತ ಗಟ್ಟಿ ಬಿಳಿ, ಅದರಾಚೆ ನೀರಾದ ಬಿಳಿ. ಹಳದಿಯ ಎರಡೂ ಬದಿಗೆ ಹುರಿ ಹೊಸೆದ ದಾರದಂಥ ಬಿಳಿ ಎಳೆ. ಹಳದಿ ಉರುಳಿ ಚಿಪ್ಪಿಗೆ ತಾಗದಂತೆ ಈ ಎಳೆಗಳೇ ನಡುವೆ ತೂಗಿ ಹಿಡಿದಿರುತ್ತವೆ. ಇದನ್ನೇ “ಮರಿಯ ಬಾಲ” ಎಂದುಕೊಳ್ಳುವ ಮಕ್ಕಳಿದ್ದಾರೆ.

ಮುಖ್ಯವಾದದ್ದು ಹಳದಿಯ ಮೇಲಿನ ಬಿಳಿ ಚುಕ್ಕೆ. ಎರಡು ಮೂರು ಮಿಲಿಮೀಟರ್ ಅಗಲ ಇರುತ್ತದೆ, ಅಷ್ಟೆ. ಚುಕ್ಕೆ ಇರುವ ಬದಿ ಹಗುರ, ಆದ್ದರಿಂದ ಸಾಮಾನ್ಯವಾಗಿ ಅದೇ ಮೇಲಕ್ಕೆ ಬರುತ್ತದೆ. ಕಾಣದಿದ್ದರೆ ಚಮಚದಿಂದ ಹಳದಿಯನ್ನು ಸ್ವಲ್ಪ ಹೊರಳಿಸಿ. ಮರಿ ಹುಟ್ಟುವುದು ಈ ಚುಕ್ಕೆಯಿಂದ. “ಹಳದಿಯೇ ಮರಿಯಾಗುತ್ತದೆ, ಮರಿಯೂ ಹಳದಿ ಬಣ್ಣದ್ದೇ ಅಲ್ಲವೇ” ಎಂಬ ಲೆಕ್ಕ ಮಕ್ಕಳಿಗೆ ಎಷ್ಟು ಸಲೀಸಾಗಿ ಹೊಂದಿಕೆಯಾಗುತ್ತದೆ ಎಂದರೆ, ಚುಕ್ಕೆಯನ್ನು ಕಣ್ಣಾರೆ ತೋರಿಸದೆ ಅದು ತಲೆಯಿಂದ ಹೋಗುವುದಿಲ್ಲ. ಹಳದಿ ಮರಿಯ ಬುತ್ತಿ. ಬಿಳಿಯದು ನೀರು, ಪ್ರೋಟೀನು ಮತ್ತು ರೋಗಾಣುಗಳಿಂದ ಕಾವಲು. ಮೂಳೆಗೆ ಬೇಕಾದ ಕ್ಯಾಲ್ಸಿಯಂ ಅನ್ನು ಮರಿ ಚಿಪ್ಪಿನಿಂದಲೂ ಎಳೆದುಕೊಳ್ಳುತ್ತದೆ.

ಹುಂಜ ಸೇರದ ಮೊಟ್ಟೆಯಲ್ಲಿ ಚುಕ್ಕೆ ಅಂಚು ಹರಿದಂತೆ, ಒತ್ತಾಗಿ ಬೆಳ್ಳಗಿರುತ್ತದೆ. ಸೇರಿದ ಮೊಟ್ಟೆಯಲ್ಲಿ ಅದು ತುಸು ದೊಡ್ಡದು, ನಾಲ್ಕೈದು ಮಿಲಿಮೀಟರ್. ಒಳಗೊಂದು ಹೊರಗೊಂದು ಉಂಗುರ ಬರೆದಂತೆ ಕಾಣುತ್ತದೆ. ಹಿತ್ತಲ ಮೊಟ್ಟೆ ಸಿಕ್ಕರೆ ಪಕ್ಕದಲ್ಲೇ ಒಡೆದು ಭೂತಗನ್ನಡಿ ಕೊಡಿ, ವ್ಯತ್ಯಾಸ ಮಕ್ಕಳೇ ಹುಡುಕಲಿ.

ಅಂಗಡಿ ಮೊಟ್ಟೆಯಲ್ಲಿ ಕೆಲವೊಮ್ಮೆ ಕೆಂಪು ರಕ್ತದ ಚುಕ್ಕೆ ಕಾಣುತ್ತದೆ. ಅದು ಮರಿಯ ಆರಂಭವಲ್ಲ. ಮೊಟ್ಟೆ ತಯಾರಾಗುವಾಗ ಕೋಳಿಯ ಅಂಡಾಶಯದ ಸಣ್ಣ ರಕ್ತನಾಳ ಒಡೆದದ್ದರ ಗುರುತು. ಇಲ್ಲಿಗೆ “ಹಾಗಾದರೆ ಮೊಟ್ಟೆ ಸಸ್ಯಾಹಾರವೇ?” ಎಂಬ ಪ್ರಶ್ನೆ ಬಂದೇ ಬರುತ್ತದೆ. ಈ ಮೊಟ್ಟೆಯಲ್ಲಿ ಮರಿ ಇಲ್ಲ ಎನ್ನುವುದಷ್ಟೇ ವಿಜ್ಞಾನದ ಉತ್ತರ. ತಿನ್ನಬೇಕೋ ಬೇಡವೋ ಎಂಬುದನ್ನು ಅವರವರ ಮನೆಗೆ ಬಿಡಿ.

ಚಿಪ್ಪಿನಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳಿವೆ, ಮರಿ ಉಸಿರಾಡುವುದು ಅವುಗಳ ಮೂಲಕವೇ. ಹಸಿ ಮೊಟ್ಟೆಯನ್ನು ಬಿಸಿನೀರಿನ ಗಾಜಿನ ಲೋಟಕ್ಕೆ ಇಳಿಸಿದರೆ ದಪ್ಪ ತುದಿಯಿಂದ ಸಣ್ಣ ಗುಳ್ಳೆಗಳ ಸಾಲು ಏಳುತ್ತದೆ. ಒಳಗಿನ ಗಾಳಿ ಹಿಗ್ಗಿ ರಂಧ್ರಗಳಿಂದ ಹೊರಬರುತ್ತಿದೆ ಎಂದರ್ಥ. ಇನ್ನೊಂದು ಮೊಟ್ಟೆಯನ್ನು ವಿನೆಗರ್‌ನಲ್ಲಿ ಮುಳುಗಿಸಿಟ್ಟರೆ ಒಂದೆರಡು ದಿನದಲ್ಲಿ ಚಿಪ್ಪು ಕರಗಿ, ಪೊರೆಯ ಚೀಲ ಮಾತ್ರ ಉಳಿಯುತ್ತದೆ. ಹಸಿ ಮೊಟ್ಟೆ ಮುಟ್ಟಿದ ಪ್ರತಿ ಕೈಯನ್ನೂ ಸೋಪು ಹಾಕಿ ತೊಳೆಸಿ. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಮೊಟ್ಟೆಯಿಂದಲೂ ಕೋಳಿಮರಿಯಿಂದಲೂ ಬರುತ್ತದೆ, ವಾಂತಿಭೇದಿ ಮಾಡಿಸುತ್ತದೆ.

ಮರಿ ಮಾಡಿಸುವುದಾದರೆ ಕೋಳಿಯೇ ಮೇಲು

ತರಗತಿಯಲ್ಲೇ ಮಾಡಬಹುದೇ ಎಂದು ಕೇಳಿದ್ದೀರಿ. ಮಾಡಬಹುದು, ಆದರೆ ನಿಮ್ಮ ಊರಲ್ಲಿ ಕಾವಿಗೆ ಕೂತ ನಾಟಿ ಕೋಳಿ ಇದ್ದರೆ ಆ ಮನೆಗೇ ಮಕ್ಕಳನ್ನು ನಾಲ್ಕು ಸಲ ಕರೆದುಕೊಂಡು ಹೋಗುವುದು ಹೆಚ್ಚು ಒಳ್ಳೆಯದು. ಥರ್ಮೋಕೋಲ್ ಡಬ್ಬಕ್ಕೆ ಬಲ್ಬು ನೇತುಹಾಕುವ ವಿಡಿಯೊಗಳನ್ನು ನೋಡಿ ಶಾಲೆಯಲ್ಲಿ ಮಾಡಲು ಹೋಗಬೇಡಿ. ಬಲ್ಬಿನ ಹತ್ತಿರ 41 ಡಿಗ್ರಿ, ಮೂಲೆಯಲ್ಲಿ 34 ಡಿಗ್ರಿ ಇರುವ ಡಬ್ಬದಲ್ಲಿ ಮರಿ ಅರ್ಧ ಬೆಳೆದು ಸಾಯುತ್ತದೆ, ಆಮೇಲೆ ಮೂವತ್ತು ಮಕ್ಕಳ ಮುಂದೆ ಅದಕ್ಕೆ ಉತ್ತರ ಹೇಳಬೇಕಾದವರು ನೀವು.

ಕೋಳಿ ಕಾವಿಗೆ ಬಂದದ್ದು ತಿಳಿಯುವುದು ಸುಲಭ: ಗೂಡು ಬಿಟ್ಟೇಳುವುದಿಲ್ಲ, ಹತ್ತಿರ ಹೋದರೆ ಗರಿ ಕೆದರಿ ಗುರುಗುಟ್ಟುತ್ತದೆ, ಕುಕ್ಕಲು ಬರುತ್ತದೆ. ನಾಟಿ ಕೋಳಿಗೆ ಈ ಗುಣ ಚೆನ್ನಾಗಿದೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪಿಸಿದ ಗಿರಿರಾಜ ಹಿತ್ತಲಿಗೆ ಒಳ್ಳೆಯ ಕೋಳಿ, ಆದರೆ ಕಾವಿಗೆ ಅದನ್ನು ನೆಚ್ಚಿಕೊಳ್ಳಬೇಡಿ. ಅದರ ಮೊಟ್ಟೆಯನ್ನು ನಾಟಿ ಕೋಳಿಯ ಕೆಳಗೇ ಇಡಬೇಕು.

ಬುಟ್ಟಿಗೆ ಬೂದಿ ಇಲ್ಲವೇ ಮರಳು ಹಾಸಿ, ಮೇಲೆ ಒಣಹುಲ್ಲು, ಹೇನಿಗೆ ಒಂದು ಹಿಡಿ ಬೇವಿನ ಸೊಪ್ಪು. ಬುಟ್ಟಿ ಕತ್ತಲೆಯ, ಇಲಿ ಬೆಕ್ಕು ಬಾರದ ಮೂಲೆಯಲ್ಲಿರಲಿ. ಹತ್ತರಿಂದ ಹನ್ನೆರಡು ಮೊಟ್ಟೆ ಸಾಕು. ಇನ್ನೂ ಹೆಚ್ಚು ಇಟ್ಟರೆ ಅಂಚಿನವು ತಣ್ಣಗಾಗುತ್ತವೆ, ಕೋಳಿ ಸರಿಸುವಾಗ ಎಲ್ಲವೂ ಸರದಿಯಂತೆ ಅಂಚಿಗೆ ಹೋಗುವುದರಿಂದ ಎಲ್ಲಕ್ಕೂ ಪೆಟ್ಟು. ಪ್ರತಿ ಮೊಟ್ಟೆಗೂ ಪೆನ್ಸಿಲಿನಲ್ಲಿ ಗುರುತು ಹಾಕಿ. ಬೇರೆ ಕೋಳಿ ಬಂದು ಅದೇ ಬುಟ್ಟಿಯಲ್ಲಿ ಮೊಟ್ಟೆ ಇಟ್ಟು ಹೋಗುತ್ತದೆ, ಗುರುತಿಲ್ಲದ್ದನ್ನು ಅಂದಂದೇ ತೆಗೆಯಬೇಕು. ಎಲ್ಲವನ್ನೂ ಒಂದೇ ದಿನ, ರಾತ್ರಿ ಹೊತ್ತು ಕೆಳಗಿಡಿ. ಬುಧವಾರ ಇಟ್ಟರೆ ಮೂರು ವಾರ ಬಿಟ್ಟು ಬುಧವಾರದ ಆಸುಪಾಸಿಗೇ ಮರಿ, ಶಾಲೆ ಇರುವ ದಿನ.

ಮೊಟ್ಟೆ ಕೂಡಿಡುವಾಗಲೇ ಅರ್ಧ ಸೋಲು ಆಗಿರುತ್ತದೆ. ಹುಂಜ ಸೇರಿದ ಮೊಟ್ಟೆ ಹೊರಬರುವ ಹೊತ್ತಿಗೇ ಒಳಗೆ ಸಾವಿರಾರು ಜೀವಕೋಶಗಳಾಗಿರುತ್ತವೆ. ಆಮೇಲೆ ಸುಮಾರು 20 ಡಿಗ್ರಿಗಿಂತ ತಂಪಿದ್ದರೆ ಬೆಳವಣಿಗೆ ಹಾಗೇ ನಿಲ್ಲುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಮನೆಯೊಳಗೇ 35 ದಾಟುವುದರಿಂದ ಅದು ನಿಲ್ಲುವುದೂ ಇಲ್ಲ, ಸರಿಯಾಗಿ ಮುಂದುವರಿಯುವುದೂ ಇಲ್ಲ. ಭ್ರೂಣ ಸೊರಗಿ ಸಾಯುತ್ತದೆ. ಫ್ರಿಜ್ಜಿನಲ್ಲಿಡುವುದು ಇನ್ನೊಂದು ತಪ್ಪು, ಅಲ್ಲಿ ತೀರಾ ತಣ್ಣಗೆ. ಒದ್ದೆ ಮರಳಲ್ಲಿ ಅರ್ಧ ಹೂತ ಮಣ್ಣಿನ ಮಡಕೆಯೊಳಗೆ, ಚೂಪು ತುದಿ ಕೆಳಗೆ ಮಾಡಿ ಇಟ್ಟು, ಬೇಸಿಗೆಯಲ್ಲಿ ನಾಲ್ಕೈದು ದಿನದೊಳಗೆ, ಚಳಿಗಾಲದಲ್ಲಿ ವಾರದೊಳಗೆ ಕಾವಿಗಿಡಬೇಕು. ಗಲೀಜಾದ ಮೊಟ್ಟೆ ತೊಳೆಯಬೇಡಿ, ಮೇಲಿನ ರಕ್ಷಣೆಯ ಲೇಪ ಹೋಗುತ್ತದೆ. ಅಂಥದ್ದನ್ನು ಕಾವಿಗೆ ಆರಿಸದಿರುವುದೇ ಸರಿ. ಉದ್ದನೆಯ ಮೊಟ್ಟೆಯಲ್ಲಿ ಹುಂಜ, ಗುಂಡನೆಯದರಲ್ಲಿ ಹೇಂಟೆ ಎನ್ನುವವರಿದ್ದಾರೆ. ಆಕಾರಕ್ಕೂ ಮರಿ ಹೆಣ್ಣೋ ಗಂಡೋ ಎಂಬುದಕ್ಕೂ ಸಂಬಂಧವಿಲ್ಲ.

ಯಂತ್ರವೇ ಗತಿಯಾದರೆ

ಒಳಗೆ ಫ್ಯಾನ್ ಇರುವ ಇನ್‌ಕ್ಯುಬೇಟರ್ ತೆಗೆದುಕೊಳ್ಳಿ. ಮೊಟ್ಟೆ ಇಡುವ ಮುನ್ನ ಒಂದು ದಿನ ಖಾಲಿ ಓಡಿಸಿ ನೋಡಿ. ಉಷ್ಣತೆ 37.5 ಡಿಗ್ರಿ. ಅಗ್ಗದ ಯಂತ್ರದ ಅಂಕಿಯನ್ನು ನಂಬದೆ, ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರನ್ನು ಮೊಟ್ಟೆಯ ಮಟ್ಟದಲ್ಲಿಟ್ಟು ಹೋಲಿಸಿ. ಆರ್ದ್ರತೆ ಮೊದಲ 18 ದಿನ ಶೇ. 50–55, ಕೊನೆಯ ಮೂರು ದಿನ ಶೇ. 65–70. ಮೊದಲ 18 ದಿನ ದಿನಕ್ಕೆ ಕನಿಷ್ಠ ಮೂರು ಸಲ, ಐದಾದರೆ ಇನ್ನೂ ಒಳ್ಳೆಯದು, ಮೊಟ್ಟೆ ಹೊರಳಿಸಬೇಕು. ಇಲ್ಲದಿದ್ದರೆ ಭ್ರೂಣ ಪೊರೆಗೆ ಅಂಟಿಕೊಳ್ಳುತ್ತದೆ. ಭಾನುವಾರ ಯಾರು ಹೊರಳಿಸುತ್ತಾರೆ ಎಂಬುದನ್ನು ಮೊದಲೇ ಗೊತ್ತುಮಾಡಿ.

ಕರೆಂಟು ಹೋದರೆ ಮುಚ್ಚಳ ತೆಗೆಯದೆ, ಗಾಳಿ ಕಿಂಡಿ ಬಿಟ್ಟು ಕಂಬಳಿ ಹೊದಿಸಿ. ಒಂದೆರಡು ಗಂಟೆ ತಣ್ಣಗಾದರೆ ಭ್ರೂಣ ತಾಳಿಕೊಳ್ಳುತ್ತದೆ, ಕೋಳಿಯೂ ದಿನಕ್ಕೊಮ್ಮೆ ಕಾಳು ನೀರಿಗೆ ಎದ್ದು ಹೋಗುತ್ತದಲ್ಲ. ಕಾವು ಹೆಚ್ಚಾದರೆ ಮಾತ್ರ ತಾಳುವುದಿಲ್ಲ: ಒಂದು ಡಿಗ್ರಿ ಮೇಲಿದ್ದರೂ ಮರಿ ಬೇಗ, ಬಲಹೀನವಾಗಿ ಬರುತ್ತದೆ, 40 ದಾಟಿ ಕೆಲವು ಗಂಟೆ ನಿಂತರೆ ಬಹುತೇಕ ಉಳಿಯುವುದಿಲ್ಲ. ಕಾವು ಕಮ್ಮಿಯಾದರೆ ತಡವಾಗುತ್ತದೆ, ಮರಿಯ ಹೊಟ್ಟೆ ಊದಿಕೊಂಡಿರುತ್ತದೆ.

ಬೆಳಕಿಗೆ ಹಿಡಿದು ನೋಡುವುದು

ರಟ್ಟಿನಲ್ಲಿ ಎರಡೂವರೆ ಸೆಂಟಿಮೀಟರ್ ತೂತು ಮಾಡಿ, ಕೆಳಗೆ ಮೊಬೈಲ್ ಟಾರ್ಚ್ ಇಟ್ಟು, ಕತ್ತಲ ಕೋಣೆಯಲ್ಲಿ ಮೊಟ್ಟೆಯ ದಪ್ಪ ತುದಿಯನ್ನು ತೂತಿನ ಮೇಲಿಡಿ. 7ನೇ ದಿನ ಜೇಡನ ಕಾಲಿನಂತೆ ಹರಡಿದ ರಕ್ತನಾಳ, ನಡುವೆ ಕಪ್ಪು ಚುಕ್ಕೆ. ಆ ಚುಕ್ಕೆ ಮರಿಯ ಕಣ್ಣು. ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಕಾವಿನ ಮೊಟ್ಟೆಗಳನ್ನು ಒಡೆದು ನೋಡಿ, ಮೂರು ದಿನಕ್ಕೇ ಹೃದಯ ಮಿಡಿಯುವುದನ್ನು ಕಂಡಿದ್ದ. ನಿಮ್ಮ ಮಕ್ಕಳಿಗೆ ಟಾರ್ಚು ಸಾಕು, ಒಡೆಯುವುದು ಬೇಡ. ಏನೂ ಕಾಣದೆ ಪೂರ್ತಿ ತಿಳಿಯಾಗಿದ್ದರೆ ಹುಂಜ ಸೇರಿರಲಿಲ್ಲ ಎಂದರ್ಥ, ಅಥವಾ ಭ್ರೂಣ ತೀರಾ ಮೊದಲೇ ಸತ್ತಿದೆ. ಒಂದೇ ಒಂದು ರಕ್ತದ ಉಂಗುರ ಕಂಡರೆ ಬೆಳೆಯಲು ಶುರುವಾಗಿ ಸತ್ತದ್ದು. ಇವೆರಡನ್ನೂ ತೆಗೆಯಿರಿ, ಬಿಟ್ಟರೆ ಕೊಳೆತು ಸಿಡಿಯಬಹುದು. 14ನೇ ದಿನ ಬಹುಪಾಲು ಕತ್ತಲೆ, ದಪ್ಪ ತುದಿಯಲ್ಲಿ ಗಾಳಿ ಜಾಗ ಸ್ಪಷ್ಟ. 18 ದಿನದ ಹೊತ್ತಿಗೆ ಮೊಟ್ಟೆ ತೂಕದಲ್ಲಿ ಶೇ. 11ರಿಂದ 13 ಕಳೆದುಕೊಂಡಿರಬೇಕು: 45 ಗ್ರಾಂ ಇದ್ದದ್ದು 40ರ ಹತ್ತಿರ. ನಾಲ್ಕನೇ ತರಗತಿಗೆ ಇದೇ ಒಳ್ಳೆಯ ಲೆಕ್ಕ. ಕೋಳಿಯ ಕೆಳಗಿನಿಂದ ಮೊಟ್ಟೆ ತೆಗೆಯುವ ಕೆಲಸ ಮಾತ್ರ ಆ ಮನೆಯವರದ್ದೇ ಆಗಿರಲಿ.

18ನೇ ದಿನದಿಂದ ಹೊರಳಿಸುವುದು ನಿಲ್ಲಿಸಿ, ಮುಚ್ಚಳ ತೆಗೆಯಬೇಡಿ. 20ನೇ ದಿನದ ಹೊತ್ತಿಗೆ ಮರಿ ಗಾಳಿ ಜಾಗಕ್ಕೆ ಕೊಕ್ಕು ಚುಚ್ಚಿ ಮೊದಲ ಸಲ ಶ್ವಾಸಕೋಶದಿಂದ ಉಸಿರಾಡುತ್ತದೆ, ಚಿಪ್ಪಿನೊಳಗಿಂದಲೇ ಚಿಂವ್‌ಗುಟ್ಟುತ್ತದೆ. ಚಿಪ್ಪಿಗೆ ಮೊದಲ ಬಿರುಕು ಬಿದ್ದ ಮೇಲೂ ಹೊರಬರಲು 12ರಿಂದ 24 ಗಂಟೆ ಬೇಕು. “ಪಾಪ, ಸುಲಿದುಬಿಡೋಣ” ಎನ್ನುವ ಮಕ್ಕಳನ್ನು ಇಲ್ಲಿ ತಡೆಯಬೇಕು. ಪೊರೆಯ ನಾಳಗಳಲ್ಲಿ ಇನ್ನೂ ರಕ್ತ ಹರಿಯುತ್ತಿರುತ್ತದೆ, ಉಳಿದ ಹಳದಿ ಹೊಟ್ಟೆಯೊಳಕ್ಕೆ ಸೇರುತ್ತಿರುತ್ತದೆ. ಅವಸರದಿಂದ ಸುಲಿದರೆ ರಕ್ತ ಸೋರಿ ಮರಿ ಸಾಯುತ್ತದೆ. ಪದೇ ಪದೇ ಮುಚ್ಚಳ ತೆಗೆದರೆ ತೇವ ಹೋಗಿ ಪೊರೆ ಒಣಗಿ ಮರಿಯ ಮೈಗೆ ಬಿಗಿಯುತ್ತದೆ.

ಹೊಟ್ಟೆಯಲ್ಲಿ ಹಳದಿ ಇರುವುದರಿಂದ ಹೊಸ ಮರಿ ಒಂದೆರಡು ದಿನ ಮೇವಿಲ್ಲದೆ ಇರಬಲ್ಲದು, ಗರಿ ಒಣಗುವವರೆಗೆ ಅಲ್ಲೇ ಬಿಡಿ. ಯಂತ್ರದ ಮರಿಗೆ ಮೊದಲ ವಾರ ಸುಮಾರು 35 ಡಿಗ್ರಿ ಬಿಸಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬೇಕು. ಬಲ್ಬಿನ ಕೆಳಗೆ ಒತ್ತಿಕೊಂಡು ನಿಂತರೆ ಚಳಿ, ದೂರ ಸರಿದು ಬಾಯಿ ತೆರೆದರೆ ಸೆಕೆ. ಬರೀ ನ್ಯೂಸ್ ಪೇಪರ್ ಹಾಸಿದರೆ ಕಾಲು ಜಾರಿ ಅಗಲವಾಗುತ್ತದೆ, ಭತ್ತದ ಹೊಟ್ಟು ಹಾಕಿ. ನೀರಿನ ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿ, ಮುಳುಗಿ ಸಾಯುವುದು ತಪ್ಪುತ್ತದೆ. ಮೇವು ಸ್ಟಾರ್ಟರ್, ಅಂದರೆ ಮರಿಗಳಿಗೆಂದೇ ಮಾಡಿದ ಮೇವು ಆಗಿರಲಿ, ಬರೀ ನುಚ್ಚಕ್ಕಿಯಲ್ಲಿ ಪ್ರೋಟೀನ್ ಸಾಲದು. ಮೊದಲ ವಾರದಲ್ಲೇ ರಾಣಿಖೇತ್ ರೋಗದ ಲಸಿಕೆ ಕೊಡಿಸಬೇಕು, ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ.

ಮರಿಗಳು ಯಾರ ಮನೆಗೆ ಹೋಗುತ್ತವೆ ಎಂಬುದನ್ನು ಮಾತ್ರ ಮೊಟ್ಟೆ ಕಾವಿಗಿಡುವ ಮೊದಲೇ ತೀರ್ಮಾನಿಸಿ. ಹತ್ತರಲ್ಲಿ ಐದರಷ್ಟು ಹುಂಜಗಳಾಗುತ್ತವೆ, ಒಂದು ಹಿತ್ತಲಿಗೆ ಐದು ಹುಂಜ ಬೇಡ. “ಮಿಸ್, ನಮ್ಮ ಹುಂಜ ಏನಾಯ್ತು?” ಎಂದು ಮಕ್ಕಳು ಆರು ತಿಂಗಳ ಮೇಲೆ ಕೇಳುತ್ತಾರೆ. ಹಳ್ಳಿಯ ಮಕ್ಕಳಿಗೆ ಉತ್ತರ ಗೊತ್ತಿರುತ್ತದೆ, ಪಟ್ಟಣದ ಶಾಲೆಯಲ್ಲಾದರೆ ಪೋಷಕರ ಜೊತೆ ಮೊದಲೇ ಮಾತಾಡಿಕೊಂಡಿರಿ.